ನಮ್ಮ ನಂದಾಳ ಹನ್ನೊಂದು ಖೂನಿ ಮತ್ತು ಒಂದು ಪ್ರೀತಿ

ನನ್ನ ತಂಗಿ ನಂದಾ ಹನ್ನೊಂದು ಮಂದಿಯನ್ನು ಕೊಂದಿದ್ದಾಳೆ. ಒಬ್ಬನನ್ನು ಕಬ್ಬಿನ ಪಡದಲ್ಲಿ, ಒಬ್ಬನನ್ನು ಮುಧೋಳದ ಬಸ್‌ಸ್ಟ್ಯಾಂಡಿನ ಹಿಂದೆ, ಒಬ್ಬ ಸಾವುಕಾರನನ್ನು ಅವನದೇ ಗೋದಾಮಿನಲ್ಲಿ ನೂಲಿನ ಮೂಟೆಗಳ ಕೆಳಗೆ. ಇಬ್ಬರನ್ನು ಚಿಕ್ಕಪಡಸಲಗಿ ಬ್ಯಾರೇಜಿನ ಮೇಲಿಂದ ಹೊಳೆಗೆ ದೂಡಿದಳು. ರೈತರು ತಾವೇ ಕೈಯಿಂದ ದುಡಿದು ಕಟ್ಟಿದ ಒಡ್ಡು ಅದು, ಅಂಥ ಪುಣ್ಯದ ಜಾಗದಿಂದ ಯಾಕವ್ವಾ ದೂಡಿದಿ ಎಂದು ಕೇಳಿದ್ದಕ್ಕೆ, "ಬ್ಯಾರೆ ಕಡೆ ನೀರು ಮೊಣಕಾಲುದ್ದ ಅಷ್ಟ ಇತ್ತು ಅಣ್ಣಾ" ಅಂದಳು.

ಎಲ್ಲ ಕಾಗದದ ಮೇಲೆ. ಹುಬ್ಬಳ್ಳಿ ಕಡೆಯಿಂದ ಬರುವ ಒಂದು ವಾರಪತ್ರಿಕೆಯಲ್ಲಿ ಆಕೆಯ ಪತ್ತೇದಾರಿ ಧಾರಾವಾಹಿಗಳು ಬರುತ್ತಿದ್ದವು. ನಮ್ಮ ಬನಹಟ್ಟಿಯಲ್ಲಿ ಹೆಂಗಸೊಬ್ಬಳು ಸ್ವಲ್ಪ ಜೋರಾಗಿ ನಕ್ಕರೆ ನಾಲ್ಕು ಮನೆಗೆ ಸುದ್ದಿ ಮುಟ್ಟುತ್ತದೆ. ಆದರೆ ನಂದಾ ವಿಷ ಹಾಕಿದಳು, ಕುತ್ತಿಗೆ ಹಿಚುಕಿದಳು, ಹೆಣದ ಮೇಲೆ ಸುಣ್ಣ ಸುರಿದಳು. ಒಬ್ಬರಾದರೂ "ಇದು ನಿನಗ ಹೆಂಗ ಗೊತ್ತವ್ವಾ" ಎಂದು ಕೇಳಲಿಲ್ಲ. ಜಮಖಂಡಿ ಬಸ್ಸಿನಲ್ಲಿ ಎದ್ದು ಸೀಟು ಕೊಟ್ಟರು. "ನಂದಾಬಾಯಾರ, ಈ ವಾರ ಭಾಳ ಚಂದ ಕೊಂದೀರಿ ನೋಡ್ರಿ" ಎಂದು ಹೊಗಳಿದರು.

ಎರಡು ಸಾವಿರದ ಆರರಲ್ಲಿ ಆಕೆ ಒಂದೇ ಒಂದು ಪ್ರೀತಿ ಬರೆದಳು. ಊರು ಎದ್ದು ನಿಂತಿತು.

ಆಕೆ ಎಂಥವಳು ಎಂದು ಮೊದಲು ಹೇಳುತ್ತೇನೆ. ನಾನು ಐದನೆಯ ಇಯತ್ತೆ ಮುಗಿಸುವ ಮೊದಲೇ ಮಗ್ಗಕ್ಕೆ ಕೂತವನು, ಆಕೆ ಓದಿದಳು. ಟೈಪಿಂಗ್ ಕಲಿತಳು. ತೊಂಬತ್ತೇಳರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಯಿತು, ಹೊಸ ಕಚೇರಿಗಳು ಬಂದವು, ಕನ್ನಡ ಟೈಪು ಬರುವವರು ಬೇಕಾದರು. ಜಮಖಂಡಿಯ ಒಂದು ಸರಕಾರಿ ಕಚೇರಿಯಲ್ಲಿ ಆಕೆಗೆ ನೌಕರಿ ಸಿಕ್ಕಿತು. ಅದೇ ಹೊತ್ತಿಗೆ ಆಲಮಟ್ಟಿ ಅಣೆಕಟ್ಟಿನ ನೀರು ಏರುತ್ತಿತ್ತು, ಊರುಗಳು ಇಳಿಯುತ್ತಿದ್ದವು. ಪರಿಹಾರ ಸಿಗಬೇಕಾದರೆ ಮನೆ ಇತ್ತು ಎನ್ನುವುದಕ್ಕೆ ಒಂದು ಕಾಗದ, ಮನೆ ಮುಳುಗಿತು ಎನ್ನುವುದಕ್ಕೆ ಒಂದು ಕಾಗದ, ಮುಳುಗಿದ ಮನೆಯಲ್ಲಿ ಇದ್ದವನು ತಾನೇ ಎನ್ನುವುದಕ್ಕೆ ಮತ್ತೊಂದು. ಎಲ್ಲವನ್ನೂ ನಂದಾ ಟೈಪು ಮಾಡಿದಳು. ಆ ಹತ್ತು ವರ್ಷದಲ್ಲಿ ನಮ್ಮ ಕಡೆಯ ಮಂದಿ ಒಂದು ಪಾಠ ಕಲಿತರು. ಬಾಯಿಂದ ಹೇಳಿದ್ದು ಗಾಳಿ, ಬಾಂಡ್ ಪೇಪರಿನ ಮೇಲೆ ಬರೆದದ್ದು ಖರೆ.

ಮದುವೆ ಆಗಲಿಲ್ಲ. ಯಾಕೆಂದು ಕೇಳಿದವರಿಗೆ "ವ್ಯಾಳ್ಯಾ ಸಿಗಲಿಲ್ರಿ" ಅನ್ನುವಳು. ಮುಚ್ಚಿಹೋದ ಒಂದು ಟೈಪಿಂಗ್ ಕ್ಲಾಸಿನಿಂದ ಹಳೆಯ ಮಶೀನೊಂದನ್ನು ಹೊತ್ತು ತರಿಸಿದಳು. ಬೆಳಿಗ್ಗೆ ನಳಕ್ಕೆ ನೀರು ಬರುವ ತನಕ ಬರೆಯುವಳು, ನೀರು ಬಂದರೆ ಕೊಡ ಹಿಡಿದು ಏಳುವಳು. ಬರೆಯುವ ರೀತಿಯೂ ವಿಚಿತ್ರ. ಮೊದಲು ಕೊನೆಯ ಕಂತು ಬರೆದು ಡಬ್ಬಿಯಲ್ಲಿಟ್ಟು, ಆಮೇಲೆ ಮೊದಲನೆಯದಕ್ಕೆ ಬರುವಳು.

"ಹಿಂಗ್ಯಾಕ?" ಎಂದು ಕೇಳಿದ್ದೆ.

"ಆಫೀಸಿನ್ಯಾಗ ಕಲತದ್ದು ಅಣ್ಣಾ. ಆರ್ಡರ್ ಮೊದ್ಲ ಆಗಿರ್ತೈತಿ, ಕಾರಣ ಆಮ್ಯಾಲೆ ಟೈಪ್ ಮಾಡ್ತೇವಿ."

ಈಗ ಆ ಪ್ರೀತಿಯ ಕಥೆ. ಹೆಸರು 'ಎಡಗೈ ಗಂಟು'. ನೂಲಿನ ವ್ಯಾಪಾರಿಯೊಬ್ಬನ ಖೂನಿ ಆಗಿದೆ. ಮುಳುಗಡೆ ಊರಿನಿಂದ ಬಂದ ಒಬ್ಬ ನೇಕಾರನ ಮೇಲೆ ಸಂಶಯ, ಅವನು ಅಡಗಿದ್ದಾನೆ. ಅವನನ್ನು ಪ್ರೀತಿಸುವ ಹುಡುಗಿ ಪೇಟೆಯಲ್ಲಿ ಒಂದು ಸೀರೆ ಕೊಂಡು, ತಿರುವಿ ಒಳಮೈ ನೋಡುತ್ತಾಳೆ. ಅಲ್ಲಿ ಎಳೆ ಹರಿದಲ್ಲಿ ಹಾಕಿದ ಗಂಟುಗಳೆಲ್ಲ ಎಡಗೈಯವು! ಅವನು ಬದುಕಿದ್ದಾನೆ, ಎಲ್ಲೋ ನೇಯುತ್ತಿದ್ದಾನೆ. ಪ್ರತಿ ವಾರ ಆಕೆ ಒಂದೊಂದು ಅಂಗಡಿಯಲ್ಲಿ ಸೀರೆ ತಿರುವುತ್ತ ಅವನಿಗೆ ಹತ್ತಿರ ಆಗುತ್ತಾಳೆ.

ಬೇರೆ ಊರಿನವರಾಗಿದ್ದರೆ ಓದಿ ಕಣ್ಣೀರು ಒರೆಸಿಕೊಂಡು ಮಲಗುತ್ತಿದ್ದರು. ನಮ್ಮೂರಿನವರು ನೇಕಾರರು. ಬಲಗೈಯವನ ಗಂಟಿನ ತುದಿ ಒಂದು ಕಡೆ ಮಲಗುತ್ತದೆ, ಎಡಗೈಯವನದು ಇನ್ನೊಂದು ಕಡೆ. ಹೊರಗಿನವರಿಗೆ ಅದು ಕಸ, ನಮಗೆ ಮುಖ ನೋಡಿದ ಹಾಗೆ. ಎಂಟನೆಯ ಕಂತು ಬಂದ ದಿನವೇ ರಬಕವಿ-ಬನಹಟ್ಟಿಯ ಗಂಡಸರೆಲ್ಲ ಸೀರೆ ತಿರುವಿ ನೋಡತೊಡಗಿದರು. ಕೆಲವರು ಉಟ್ಟವರದೂ ನೋಡಲು ಹೋಗಿ ಬೈಸಿಕೊಂಡರು. ಹತ್ತನೆಯ ಕಂತಿಗೆ ಪತ್ತೆ ಮುಗಿಯಿತು. ಮುಳುಗಡೆ ಊರಿನವನು, ಎಡಗೈಯವನು, ಸುಮ್ಮನಿರುವವನು: ನಮ್ಮ ಮಗ್ಗದ ಶೆಡ್ಡಿನ ಗಿರಿಮಲ್ಲಪ್ಪ.

ಗಿರಿಮಲ್ಲಪ್ಪ ಬೀಳಗಿ ಕಡೆಯವನು. ಊರು ನೀರಿಗೆ ಹೋದ ಮೇಲೆ ನಮ್ಮಲ್ಲಿ ಬಂದು ಪಾವರ್‌ಲೂಮು ಕಲಿತ. ವಯಸ್ಸು ಮೂವತ್ನಾಲ್ಕು. ಮೂರು ಕಡೆ ಹೆಣ್ಣು ನೋಡಿ ಮೂರೂ ಮುರಿದಿದ್ದವು. ಹುಡುಗನ ಊರು-ಮನೆ ನೋಡೋಣ ಎಂದು ಬಂದವರನ್ನು ಇವನು ಪ್ರಾಮಾಣಿಕನಾಗಿ ಹಿನ್ನೀರಿನ ದಂಡೆಗೆ ಕರೆದುಕೊಂಡು ಹೋಗಿ, "ಅಲ್ಲಿ ನೋಡ್ರಿ, ಆ ಕೊಕ್ಕರಿ ಕುಂತೈತಲ್ಲ, ಅದರ ಕೆಳಗ" ಎಂದು ತೋರಿಸುತ್ತಿದ್ದ. ನಾಲ್ಕನೆಯದು ಮುಧೋಳದ ಹತ್ತಿರದ್ದು. ಹುಡುಗಿ ಸರಿತಾ, ಶಿಶುವಿಹಾರದಲ್ಲಿ ಟೀಚರು. ಆಕೆಯ ಅಪ್ಪ ಬಸಗೊಂಡಪ್ಪ ಕಬ್ಬಿನ ರೈತ. ಒಪ್ಪಿಗೆ ಆಗಿತ್ತು, ನಿಶ್ಚಯದ ದಿನ ಗೊತ್ತಾಗಿತ್ತು. ಇದೂ ಮುರಿದರೆ ಇನ್ನು ನಾನು ಯಾರ ಬಾಗಿಲಿಗೂ ಹೋಗುವುದಿಲ್ಲ ಎಂದು ಗಿರಿಮಲ್ಲಪ್ಪ ಹೇಳಿಬಿಟ್ಟಿದ್ದ. ಹೇಳಿದರೆ ಹೇಳಿದ ಹಾಗೆ ಇರುವ ಮನುಷ್ಯ.

ಚಹದಂಗಡಿಯ ರಾಚಪ್ಪ ನನ್ನನ್ನು ಕಂಡೊಡನೆ ಕೇಳಿದ: "ಗಂಗಾರಾಮಣ್ಣಾ, ಗಿರಿಮಲ್ಲ ಖರೇನ ಖೂನಿ ಮಾಡ್ಯಾನಂತ?"

"ಯಾಕ ಮಾಡ್ಯಾನಲೇ?"

"ಅದ ಇನ್ನೂ ಬಂದಿಲ್ಲಲ್ಲ. ಮುಂದಿನ ವಾರ ತಿಳೀತೈತಿ."

ಅವನ ಚಹದ ಕಪ್ಪಿಗೆ ನಾನು ಕೊಟ್ಟ ಏಟಿಗೆ ಅದು ರಸ್ತೆ ದಾಟಿ ಬಿತ್ತು. ಅವನಿಗೇನೂ ಬೇಜಾರಾಗಲಿಲ್ಲ. "ಸಿಟ್ಟು ಬರಾಕತ್ತೈತಿ ಅಂದ್ರ ಏನೋ ಐತಿ" ಎಂದು ಪಕ್ಕದವನಿಗೆ ಹೇಳಿದ.

ಆ ಆದಿತ್ಯವಾರ ಬಸಗೊಂಡಪ್ಪನೇ ಬಂದ. ಬಗಲಲ್ಲಿ ಹದಿಮೂರು ವಾರದ ಪತ್ರಿಕೆಗಳು, ಅಲ್ಲಲ್ಲಿ ಕೆಂಪು ಗೀಟು. ಚಹಾ ಕುಡಿಯಲಿಲ್ಲ.

"ನೋಡ್ರಿ, ನಾವು ಮನಿತನಸ್ಥರು. ಹುಡುಗ ಛಲೋ ಅದಾನ ಅಂತ ನೀವು ಹೇಳಿದ್ರಿ, ನಾ ಒಪ್ಪಿದೆ. ಆದ್ರ ಕಥ್ಯಾಗ ಬ್ಯಾರೆ ಬರಾಕತ್ತೈತಿ."

"ಕಥಿ ಅಂದ್ರ ಕಥಿರೀ ಮಾವಾರ! ಅದು ಸುಳ್ಳ!"

"ಸುಳ್ಳಾದ್ರ ಅಚ್ಚು ಯಾಕ ಹಾಕಸ್ತಾರ?" ಎಂದು ಅವನು ಶಾಂತವಾಗಿ ಕೇಳಿದ. "ಇನ್ನ ಏಳು ವಾರ ಐತಿ. ಮುಗೀಲಿ. ಆಂವ ಖೂನಿ ಮಾಡಿಲ್ಲ ಅಂತ ಬಂದ್ರ ನಿಶ್ಚಯ ಮಾಡೂಣು. ಮಾಡ್ಯಾನ ಅಂದ್ರ ನಮಗ ಬ್ಯಾಡ್ರಿ. ಮಗಳ ಬಾಳೇ ಐತಿ."

ಇಷ್ಟು ಸಾಲದೆಂದು ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಬರಿಯಾಕಿ ನಿಮ್ಮ ಮನ್ಯಾಗ ಅದಾರ. ನಿಮ್ಮ ಕೈಯಾಗ ಐತಿ" ಅಂದ.

ನಾನು ಸೀದಾ ನಂದಾಳ ಕೋಣೆಗೆ ನುಗ್ಗಿದೆ. ಆಕೆ ಮಶೀನಿನ ಅಕ್ಷರಗಳ ಕೊಳೆಯನ್ನು ಗುಂಡುಪಿನ್ನಿನಿಂದ ತೆಗೆಯುತ್ತಿದ್ದಳು.

"ಆ ನೂಲಿನ ಸಾವುಕಾರನ್ನ ಯಾರು ಕೊಂದಾರ, ಈಗ ಹೇಳು."

"ಆಂವನ."

"ಯಾರು, ಗಿರಿಮಲ್ಲನ?"

"ನನ್ನ ಕಥ್ಯಾಗ ಗಿರಿಮಲ್ಲ ಅನ್ನಾಂವ ಎಲ್ಲದಾನ? ಎಡಗೈಯಂವ ಕೊಂದಾನ. ಬರದು ಡಬ್ಬ್ಯಾಗ ಇಟ್ಟು ಆರು ತಿಂಗಳಾತು."

"ತೆಗಿ, ಹರಿ! ಬ್ಯಾರೆ ಯಾರರ ಕೊಂದಾರ ಅಂತ ಬರಿ. ಪೋಸ್ಟಮನ್ ಕೊಂದ ಅನ್ನು, ಮಾಸ್ತರ ಕೊಂದ ಅನ್ನು. ಒಂದು ಹೆಸರು ಬದಲಿ ಮಾಡಾಕ ನಿನಗೇನವ್ವಾ ಧಾಡಿ?"

ಆಕೆ ಗುಂಡುಪಿನ್ನು ಕೆಳಗಿಟ್ಟಳು. "ಅಣ್ಣಾ, ಸೀರಿ ಅರ್ಧ ನೇದ ಮ್ಯಾಲೆ ಯಾರರ ಬಂದು ಅಂಚು ಬದಲಿ ಮಾಡು ಅಂದ್ರ ಮಾಡ್ತೀಯೇನು?"

"ರೊಕ್ಕ ಕೊಟ್ರ ಮಾಡ್ತೇನಿ!"

"ಅದಕ್ಕ ನಿನ್ನ ಸೀರಿ ಹಂಗದಾವು."

ಹೆಂಡತಿ ಅಡುಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ನಾನು ಎದುರಿಗಿದ್ದ ಬಕೀಟು ಒದ್ದೆ. ತುಂಬಿದ ಬಕೀಟು, ಪೆಟ್ಟಾದದ್ದು ನನಗೆ. ಕುಂಟುತ್ತ ಕೂತು ಕೇಳಿದೆ: "ಹಂಗಾದ್ರ ಅಂವ ಯಾರು? ನನ್ನ ಮುಂದ ಖರೆ ಹೇಳು. ಗಿರಿಮಲ್ಲ ಅಲ್ಲ ಅಂದ್ರ ಮತ್ಯಾರು?"

"ಅವ್ವ" ಅಂದಳು.

ನನಗೆ ತಿಳಿಯಲಿಲ್ಲ.

"ನಮ್ಮ ಅವ್ವಣ್ಣಾ. ಎಡಗೈಲೆ ಗಂಟು ಹಾಕತಿದ್ದಾಕಿ ಯಾರು? ಶುಭ ಅಲ್ಲ ಅಂತ ಆಕಿ ಅತ್ತಿ ಬೈದ್ರೂ ಬಿಡಲಿಲ್ಲ. ಅಪ್ಪನ ಮಗ್ಗದಾಗ ಎಳಿ ಹರದ್ರ ಅಂವ ಒದರಾಡೂದ್ರಾಗ ಬಂದು ಗಂಟು ಹಾಕಿ ಹೋಗಿರತಿದ್ಲು. ಸಿಟ್ಟು ಬಂದ್ರ ಎಂಟೆಂಟು ದಿವಸ ಮಾತಿಲ್ಲ. ಹ್ವಾದ್ರ ತಿರುಗಿ ನೋಡಿದಾಕಿ ಅಲ್ಲ. ಆದ್ರ ಯಾರಿಗೆ ಜ್ವರ ಬಂದ್ರೂ ಮೊದ್ಲ ಗೊತ್ತಾಗತಿದ್ದದ್ದು ಆಕಿಗೆ. ಅಂಥಾಂವ ಒಬ್ಬ ಗಂಡಸು ಇದ್ರ ನಾನೂ ಲಗ್ನ ಆಕ್ಕಿದ್ದೆ. ಇರಲಿಲ್ಲ. ಬರದೆ."

"ಅವ್ವನ್ನ ಗಂಡಸು ಮಾಡಿದಿ? ಮ್ಯಾಲೆ ಖೂನಿ ಮಾಡಿಸಿದಿ?"

"ನೂಲು ಕೊಡತಿದ್ದ ಸಾವುಕಾರ ಮೂವತ್ತು ವರ್ಷ ಅಪ್ಪನ್ನ ಕಟ್ಟಿಮ್ಯಾಲ ನಿಂದ್ರಿಸಿ ಮಾತಾಡ್ಸ್ಯಾನ, ಒಮ್ಮೆರ ಕುಂಡ್ರು ಅಂದಿಲ್ಲ. ಅವ್ವ ಬಾಗಲಾಗ ನಿಂತು ನೋಡತಿದ್ಲಲ್ಲ, ಆ ನೋಡೂದು ನೀ ನೋಡಿಲ್ಲ. ನಾ ನೋಡೇನಿ."

ಇಷ್ಟು ಬಸಗೊಂಡಪ್ಪನಿಗೆ ಹೇಳಿದರೆ ಸಾಕು ಅಂದುಕೊಂಡೆ.

ಮರುದಿನವೇ ಮುಧೋಳದ ಬಸ್ಸು ಹತ್ತಿದೆ. ಬಸಗೊಂಡಪ್ಪ ಹೊರಸಿನ ಮೇಲೆ ಕೂತು ಕೇಳಿಸಿಕೊಂಡ. ಕೇಳಿ ಕೇಳಿ, "ಅಂದ್ರ ಖೂನಿ ಮಾಡಿದಾಕಿ ನಿಮ್ಮ ಅವ್ವ" ಅಂದ.

"ಮಾಡಿಲ್ರಿ! ಕಥ್ಯಾಗ!"

"ಅದ, ಅದ. ನೀವು ಬಾಯಿಲೆ ಹೇಳಿದ್ರ ನಾಳಿ ನಮ್ಮ ಅಣ್ಣತಮ್ಮಂದ್ರಿಗೆ ನಾ ಏನು ತೋರಸ್ಲಿ? ಬಾಂಡಿನ ಮ್ಯಾಲೆ ಬರಕೊಡ್ರಿ. ನೋಟರಿ ಶಿಕ್ಕಾ ಇರ್ಲಿ. ಕೊಟ್ರ ಏಳು ವಾರ ಕಾಯೂದೂ ಬ್ಯಾಡ, ಇದ ತಿಂಗಳದಾಗ ಲಗ್ನ."

ನಾನು ಅವನ ಅಂಗಳದಲ್ಲಿ ಕಟ್ಟಿದ್ದ ಮುಧೋಳ ನಾಯಿಗೆ ಬೈದೆ. ಅದು ಬಡಕಲು ಪ್ರಾಣಿ, ಎದ್ದು ಮುಖ ತಿರುವಿ ಮಲಗಿತು.

ಅಪ್ಪನ ವಿಚಾರ ಹೀಗಾದರೆ ಮಗಳದು ಬೇರೆ. ಎರಡು ದಿನ ಬಿಟ್ಟು ಸರಿತಾ ಒಬ್ಬಳೇ ಬಂದಳು. ನಂದಾ ಕಚೇರಿಗೆ ಹೋಗಿದ್ದಳು. "ಅವರನ್ನಲ್ರಿ, ಗಿರಿಮಲ್ಲಪ್ಪಗೋಳನ್ನ ನೋಡಬೇಕು" ಎಂದು ಸೀದಾ ಶೆಡ್ಡಿಗೆ ಹೋದಳು. ನಾಲ್ಕು ಮಗ್ಗ ಒಟ್ಟಿಗೆ ಬಡಿಯುವಲ್ಲಿ ಪಕ್ಕದವನ ಕೆಮ್ಮೂ ಕೇಳಿಸುವುದಿಲ್ಲ, ಮಾತಾಡಬೇಕೆಂದರೆ ಒದರಬೇಕು. ಹುಡುಗಿ ಅವನ ಕಿವಿಯ ಹತ್ತಿರ ನಿಂತು ಒದರುತ್ತಿದ್ದಳು. ಅವನು ಕೆಳಗೆ ನೋಡುತ್ತ ತಲೆ ಆಡಿಸುತ್ತಿದ್ದ. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಶೆಡ್ಡಷ್ಟೇ ಅಲ್ಲ, ಓಣಿಯ ನಲವತ್ತು ಮಗ್ಗ ಒಂದೇ ಸಲ ನಿಂತವು. ಆ ಮೌನದಲ್ಲಿ ಸರಿತಾಳ ದನಿ ಮಾತ್ರ ಉಳಿಯಿತು:

"...ನನಗ ಆ ಕಥ್ಯಾಗಿನಂವ ಮನಸಿಗೆ ಬಂದಾನ! ಅದಕ್ಕ ನಾ ಹೂಂ ಅಂದದ್ದು! ನೀವು ಅಂವ ಹೌದೋ ಅಲ್ಲೋ?"

ಎದುರು ಶೆಡ್ಡಿನ ಕಿಟಕಿಯಲ್ಲಿ ಆರು ತಲೆ.

ಗಿರಿಮಲ್ಲಪ್ಪ ಕೈಯಲ್ಲಿದ್ದ ಎಳೆಗೆ ಗಂಟು ಹಾಕಿ ಮುಗಿಸಿದ, ಎಡಗೈಯಿಂದಲೇ. ಆಮೇಲೆ ಮೆಲ್ಲಗೆ ಅಂದ: "ಅಲ್ರಿ. ನಾ ಆ ಕಥಿ ಓದಿಲ್ಲ. ಓದಿದ್ರ ಅವನಂಗ ಮಾತಾಡಬೇಕಾಕ್ಕೈತಿ ಅಂತ ಅಂಜಿ ಬಿಟ್ಟೇನಿ. ನನಗ ಅಷ್ಟು ಮಾತು ಬರೂದಿಲ್ಲ."

ಸರಿತಾ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. "ಕಥ್ಯಾಗಿನಂವಾನೂ ಎಂಟು ಕಂತು ಮಾತಾಡಿಲ್ಲ ಬಿಡ್ರಿ" ಅಂದಳು. ಎದುರು ಕಿಟಕಿಯಿಂದ ಯಾರೋ "ಆತು, ಆತು!" ಎಂದು ಕೂಗಿದರು. ನಾನು ಮಗ್ಗದ ಲಾಳಿ ಎತ್ತಿ ಹೊಡೆಯುವಂತೆ ತೋರಿಸಿದ ಮೇಲೆ ಆರೂ ತಲೆ ಮಾಯವಾದವು.

ಹುಡುಗಿ ಒಪ್ಪಿದಳು. ಉಳಿದದ್ದು ಬಾಂಡು. ನಾನು ಎರಡು ದಿನ ಉಣ್ಣಲಿಲ್ಲ. ಹಡೆದವಳನ್ನು ಖೂನಿ ಮಾಡಿದಾಕಿ ಎಂದು ಬರೆದುಕೊಡುವ ಮಗ ಎಂಥವನು? ಬರೆದುಕೊಡದಿದ್ದರೆ ಒಬ್ಬ ಮನುಷ್ಯ ಸಾಯುವ ತನಕ ಶೆಡ್ಡಿನ ಮೂಲೆಯಲ್ಲಿ ಒಬ್ಬನೇ ರೊಟ್ಟಿ ಬಡಿದುಕೊಂಡು ಇರುತ್ತಾನೆ. ಮೂರನೆಯ ದಿನ ಜಮಖಂಡಿಗೆ ಹೋದೆವು. ನಾನು, ನಂದಾ, ಬಸಗೊಂಡಪ್ಪ. ಗಿರಿಮಲ್ಲಪ್ಪ ಬಾಗಿಲ ಹೊರಗೆ ನಿಂತ. ಕರಡನ್ನು ನಂದಾಳೇ ಟೈಪು ಮಾಡಿ ತಂದಿದ್ದಳು, ಒಂದು ಅಕ್ಷರ ತಪ್ಪಿಲ್ಲದೆ.

ನೋಟರಿ ವಕೀಲರು ಕನ್ನಡಕ ಏರಿಸಿ ಓದಿದರು. "'ಎಡಗೈ ಗಂಟು ಎಂಬ ಕಥೆಯಲ್ಲಿ ಖೂನಿ ಮಾಡಿದ ಪಾತ್ರಕ್ಕೆ ಮೂಲ ನಮ್ಮ ತಾಯಿ ಮೃತ ಲಕ್ಷ್ಮವ್ವ ಕೋಂ ವಿಠೋಬಾ ಇವರೇ ಹೊರತು...' ಏನ್ರಿ ಇದು? ಖೂನಿ ಯಾವ ಠಾಣೆ ಹದ್ದಿನ್ಯಾಗ ಆಗೈತಿ?"

"ಕಥ್ಯಾಗ್ರೀ ಸಾಹೇಬ್ರ" ಅಂದೆ.

ಬಸಗೊಂಡಪ್ಪ ಬೆರಳು ಎತ್ತಿದ. "ಅದ ಶಬ್ದ ತೆಗೀಬೇಕ್ರಿ. ಕಥಿ ಅಂದ್ರ ಸುಳ್ಳು ಅಂತ ಇವರ ಹೇಳ್ಯಾರ. ಸುಳ್ಳಿನ ಮ್ಯಾಲೆ ಪ್ರಮಾಣ ಮಾಡಿದ್ರ ನಡೀತೈತೇನ್ರಿ?"

ವಕೀಲರು ಯೋಚಿಸಿದರು. ಹತ್ತು ವರ್ಷ ಮುಳುಗಡೆ ಕಾಗದ ನೋಡಿದ ಮನುಷ್ಯ. "ಅದೂ ಖರೆ. ಅಫಿಡವಿಟಿನ್ಯಾಗ ಕಥಿ ಬರಂಗಿಲ್ಲ. 'ಸದರಿ ಖೂನಿ ಪ್ರಕರಣದಲ್ಲಿ' ಅಂತ ಹಾಕೂಣು, ಶುದ್ಧ ಆಕ್ಕೈತಿ."

"ಏನು ಶುದ್ಧ!" ನಾನು ಎದ್ದೇಬಿಟ್ಟೆ, ಕುರ್ಚಿ ಹಿಂದಕ್ಕೆ ಬಿತ್ತು. "ಸತ್ತ ಹೆಣ್ಣುಮಗಳ್ನ ಕೋರ್ಟಿನ ಕಾಗದದಾಗ ಖೂನಿಖೋರ ಮಾಡ್ತೀರೇನು? ಇರುವಿ ಕೊಂದಾಕಿ ಅಲ್ರಿ ನಮ್ಮವ್ವ!"

"ವಾರಸದಾರರು ಇಬ್ರೂ ಸಹಿ ಮಾಡಬೇಕು" ಎಂದು ವಕೀಲರು ಪೆನ್ನು ಮುಂದಿಟ್ಟರು. "ಮಾಡದಿದ್ರ ಕಾಗದ ನಡಿಯೂದಿಲ್ಲ."

ನಾನು ಹೊರಗೆ ಬಂದೆ. ಗಿರಿಮಲ್ಲಪ್ಪ ಗೋಡೆಗೆ ಆತು ನಿಂತಿದ್ದ, ಎಲ್ಲ ಕೇಳಿಸಿತ್ತು. "ಬ್ಯಾಡ್ರಿ ಅಣ್ಣಾರ" ಅಂದ. "ನಾ ಆಕಿನ್ನ ನೋಡಿಲ್ಲ ಖರೆ, ಆದ್ರ ಆಕಿ ಹೆಸರು ಕೆಡೂದು ಬ್ಯಾಡ. ನನ್ನ ಊರು ಮುಳುಗಿದಾಗ ಸುಮ್ಮನಿದ್ದೆ, ಇದಕ್ಕೂ ಸುಮ್ಮನಿರ್ತೇನಿ." ಹೇಳಿ, ನನ್ನ ಅಂಗಿಗೆ ಹತ್ತಿದ್ದ ನೂಲಿನ ತುಣುಕನ್ನು ಎರಡು ಬೆರಳಿನಿಂದ ತೆಗೆದು ಕೆಳಗೆ ಬಿಟ್ಟ.

ನನ್ನ ಹಿಂದೆ ನಂದಾ ಬಂದು ನಿಂತಿದ್ದಳು. "ಅಣ್ಣಾ, ಅವ್ವ ಇದ್ದಿದ್ರ ಏನು ಮಾಡತಿದ್ಲು?"

"ಹೆಬ್ಬಟ್ಟು ಒತ್ತಿ, ಎಂಟು ದಿವಸ ಮಾತು ಬಿಡತಿದ್ಲು."

"ನಾ ಸಹಿ ಮಾಡೇನಿ" ಅಂದಳು.

ಒಳಗೆ ಹೋಗಿ ಸಹಿ ಹಾಕಿದೆ. ಎಷ್ಟು ಒತ್ತಿ ಬರೆದೆನೆಂದರೆ ಪೆನ್ನಿನ ಮುಳ್ಳು ಬಾಂಡು ಹರಿದು ಕೆಳಗಿನ ಟೇಬಲ್ಲಿಗೂ ಗೀರು ಬಿತ್ತು. ವಕೀಲರು ಹರಿದ ಜಾಗದ ಮೇಲೆಯೇ ಶಿಕ್ಕಾ ಹೊಡೆದರು.

ಅದೇ ತಿಂಗಳಲ್ಲಿ ಲಗ್ನ ಆಯಿತು. ಏಳು ವಾರಕ್ಕೆ ಕಥೆಯೂ ಮುಗಿಯಿತು. ನಂದಾ ಒಂದು ಅಕ್ಷರ ಬದಲಿಸಿರಲಿಲ್ಲ, ಎಡಗೈಯವನೇ ಕೊಂದಿದ್ದ. ಬಸಗೊಂಡಪ್ಪ ಕೊನೆಯ ಕಂತು ಓದಿ ಅಳಿಯನ ಬೆನ್ನು ತಟ್ಟಿ, "ನೋಡು, ಬಾಂಡು ಮಾಡಿಸಿದ್ದು ಛಲೋ ಆತು" ಅಂದನಂತೆ. ಆಮೇಲೆ ನಂದಾ ಎರಡು ಸಾವಿರದ ಹನ್ನೆರಡರ ತನಕ ಇನ್ನೂ ನಾಲ್ಕು ಕಥೆ ಬರೆದಳು, ಎಲ್ಲವೂ ಬರೀ ಖೂನಿಯವು. ಬಸ್ಸಿನಲ್ಲಿ ಮೊದಲಿನಂತೆ ಸೀಟು ಸಿಗತೊಡಗಿತು.

ಆದರೆ ಬಸಗೊಂಡಪ್ಪ ತನ್ನ ಅಣ್ಣತಮ್ಮಂದಿರಿಗೆ ತೋರಿಸಲು ಆ ಬಾಂಡಿನ ಹನ್ನೆರಡು ಝರಾಕ್ಸ್ ತೆಗೆಸಿದ್ದ. ಅದರಲ್ಲೊಂದು ಹೇಗೋ ತಿರುಗಿ ಬನಹಟ್ಟಿಗೆ ಬಂತು. ಒಂದು ದಿನ ಹಿಂದಿನ ಓಣಿಯ ಯಲ್ಲಕ್ಕ ಶೆಡ್ಡಿಗೆ ಬಂದಳು. ಅವ್ವನ ಜೊತೆ ನಲವತ್ತು ವರ್ಷ ನೂಲಿನ ಕಂಡಿಕೆ ಸುತ್ತಿದವಳು. ಅತ್ತ ಇತ್ತ ನೋಡಿ, ನನ್ನ ತೋಳು ಹಿಡಿದು ಕಿವಿಯ ಹತ್ತಿರ ಬಾಯಿ ತಂದಳು.

"ನನಗ ಆವಾಗ್ಲೇ ಸಂಶಯ ಇತ್ತು ತಮ್ಮಾ. ಎಂಟೆಂಟು ದಿವಸ ಮಾತಾಡತಿದ್ದಿಲ್ಲ ನೋಡು ಲಕ್ಷ್ಮವ್ವ. ಕೊಂದದ್ದು ಯಾರನ್ನ? ನನಗೊಬ್ಬಾಕಿಗೆ ಹೇಳು. ಮಂದಿ ಮುಂದ ಬಾಯಿ ಬಿಡೂದಿಲ್ಲ."

"ಯಾರನ್ನೂ ಇಲ್ಲಬೇ!" ಎಂದು ನಾಲ್ಕು ಮಗ್ಗದ ಸದ್ದಿನ ಮೇಲೆ ಒದರಿದೆ. "ಯಾರನ್ನೂ ಕೊಂದಿಲ್ಲ!"

ಯಲ್ಲಕ್ಕ ಮೆಚ್ಚುಗೆಯಿಂದ ತಲೆ ಆಡಿಸಿ ನನ್ನ ಭುಜ ತಟ್ಟಿದಳು. "ಹೌದು ನೋಡು, ಹಿಂಗ ಹೇಳಬೇಕು. ಮನಿ ಮಾತು ಹೊರಗ ಬಿಡಬಾರದು."